ಸರ್ವೆ ಫಾರಂ ತೆಗೆಯುವ ಮುಂಚೆ: ಮಂಡ್ಯದ ಹಳ್ಳಿಗಳಲ್ಲಿ ನಮ್ಮ ಅನುಭವ

ಸಾರ್ವಜನಿಕ ಆರೋಗ್ಯ ಓದುವ ವಿದ್ಯಾರ್ಥಿಗಳನ್ನು ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಿಗೆ ಕರೆದೊಯ್ದಾಗ ಶುರುವಿನಲ್ಲಿ ಸರ್ವೆ ಫಾರಂ ಚೀಲದಿಂದ ಹೊರಗೇ ಬರುವುದಿಲ್ಲ. ತಾಲ್ಲೂಕು ಆರೋಗ್ಯಾಧಿಕಾರಿಗೆ ಪತ್ರ, ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಡಾಕ್ಟರ ಜೊತೆ ಮಾತು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಓ) ಭೇಟಿ ಇವನ್ನೆಲ್ಲ ಯಾವ ಕಾಲೇಜಾದರೂ ಮಾಡುತ್ತದೆ. ಬಿಟ್ಟುಹೋಗುವುದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ. ವರ್ಷಕ್ಕೆ ಬರುವ 10,000 ರೂಪಾಯಿ ಮುಕ್ತನಿಧಿಯ (ಊರಿನ ಆರೋಗ್ಯದ ಅಗತ್ಯಕ್ಕೆ ಸಮಿತಿಯೇ ತೀರ್ಮಾನಿಸಿ ಖರ್ಚು ಮಾಡುವ ಹಣ) ಲೆಕ್ಕ ಬರೆಯಲಷ್ಟೇ ಅದು ಸೇರುವ ಊರುಗಳಿವೆ. ಆದರೂ ಆಶಾ, ಅಂಗನವಾಡಿ ಕಾರ್ಯಕರ್ತೆ, ಪಂಚಾಯಿತಿ ಸದಸ್ಯರು ಆರೋಗ್ಯದ ವಿಷಯಕ್ಕೆಂದೇ ಒಟ್ಟಿಗೆ ಕೂರುವುದು ಅಲ್ಲೇ. ಏನು ಕೇಳುತ್ತೇವೆ, ರಕ್ತ ತೆಗೆಯುತ್ತೇವೋ ಇಲ್ಲವೋ, ತೊಂದರೆ ಕಂಡವರನ್ನು ಎಲ್ಲಿಗೆ ಕಳಿಸುತ್ತೇವೆ, ಫಲಿತಾಂಶವನ್ನು ಯಾವ ತಿಂಗಳು ಊರಿಗೆ ತಿಳಿಸುತ್ತೇವೆ ಎಂಬುದನ್ನು ಸಮಿತಿಯ ನಡಾವಳಿ ಪುಸ್ತಕದಲ್ಲಿ ಬರೆಸಿ ಎರಡೂ ಕಡೆಯವರು ಸಹಿ ಹಾಕಬೇಕು. ಮುಂಚೆ ಬಂದುಹೋದ ಕಾಲೇಜುಗಳು ಯಾವುವು ಎಂದೂ ಅಲ್ಲೇ ವಿಚಾರಿಸಿ. ಎಂಬಿಬಿಎಸ್ ವಿದ್ಯಾರ್ಥಿಗಳು ಆರೋಗ್ಯ ಗಮನಿಸಲು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಳ್ಳುವ ಪದ್ಧತಿ ಬಂದ ಮೇಲೆ ಒಂದೇ ಮನೆಗೆ ಅದದೇ ಪ್ರಶ್ನೆ ಹೊತ್ತು ಹೋಗುವವರು ಹೆಚ್ಚಾಗಿದ್ದಾರೆ.

ದೇವಸ್ಥಾನದ ಜಗಲಿಯಲ್ಲಿ ಸಭೆ ಕರೆದರೆ ದಲಿತ ಕೇರಿಯವರು ಬರುವುದಿಲ್ಲ, ಬಂದರೂ ದೂರ ನಿಂತು ಹೋಗುತ್ತಾರೆ. ಶಾಲೆ ಅಥವಾ ಅಂಗನವಾಡಿಯಲ್ಲಿ ಒಂದು ಸಭೆ, ಕೇರಿಯಲ್ಲೇ ಇನ್ನೊಂದು. ಡೈರಿಗೆ ಹಾಲು ಹಾಕುವ ಹೊತ್ತಿಗೆ ಹೆಂಗಸರು ಸಿಗುವುದಿಲ್ಲ, ನಾಲೆಗೆ ನೀರು ಬಿಟ್ಟು ನಾಟಿ ಶುರುವಾದರೆ ಹಗಲೆಲ್ಲ ಗದ್ದೆಯಲ್ಲೇ. ಹೆಂಗಸರ ಸ್ವಸಹಾಯ ಸಂಘದ ವಾರದ ಸಭೆ ಮುಗಿದ ಮೇಲಿನ ಅರ್ಧ ಗಂಟೆ ಎಲ್ಲಕ್ಕಿಂತ ಮೇಲು.

ಆಮೇಲೆ ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ. ಅದನ್ನು ಊರವರೇ ಬಿಡಿಸಬೇಕು, ವಿದ್ಯಾರ್ಥಿಗಳು ಕೈಕಟ್ಟಿ ನೋಡಬೇಕು. ಬಿಡಿಸಿದ್ದನ್ನು ಆಶಾ ಅವರ ಬಳಿಯಿರುವ ಮನೆಗಳ ಪಟ್ಟಿಯ ಜೊತೆ ತಾಳೆ ನೋಡಿದರೆ ಬಿಟ್ಟುಹೋದವರು ಕಾಣುತ್ತಾರೆ: ಆಲೆಮನೆಗೆ ಹೊರಗಿನಿಂದ ಬಂದ ಕೂಲಿಗಳು, ತೋಟದ ಮನೆಯವರು. ಸಮಸ್ಯೆಗಳ ಚಿತ್ರವಿರುವ ಚೀಟಿಗಳನ್ನು ಹರಡಿ, ತಲೆಗೆ ಹತ್ತು ಅವರೆಕಾಳು ಕೊಟ್ಟು ಮುಖ್ಯವಾದದ್ದಕ್ಕೆ ಹೆಚ್ಚು ಕಾಳು ಹಾಕಿಸುತ್ತೇವೆ. ಗಂಡಸರದ್ದು, ಹೆಂಗಸರದ್ದು ಬೇರೆ ಬೇರೆ ಆಗಬೇಕು. ಒಟ್ಟಿಗೆ ಕೂರಿಸಿದರೆ ಮೊದಲು ಕಾಳು ಹಾಕಿದ ಯಜಮಾನರ ಚೀಟಿಗೇ ಎಲ್ಲರ ಕಾಳೂ ಬೀಳುತ್ತದೆ. ನಮಗೆ ಬೇಕಾದದ್ದು ಬಿಪಿ, ಶುಗರ್. ಕಾಳು ಬೀಳುವುದು ಚರಂಡಿಗೆ, ಕುಡಿಯುವ ನೀರಿಗೆ. ಆಗ ಚರಂಡಿಯ ಅರ್ಜಿ ಬರೆಯಲು ಕೂರಬೇಕು, ಗ್ರಾಮಸಭೆಯಲ್ಲಿ ಜೊತೆಗಿರಬೇಕು. ಅದು ನಮ್ಮ ವಿಷಯವಲ್ಲ ಎಂದವರಿಗೆ ಮನೆಬಾಗಿಲು ತೆರೆಯುವುದು ಕಷ್ಟ.

ರಕ್ತಹೀನತೆ ಪರೀಕ್ಷೆಯಲ್ಲಿ ಕೆಡುವುದೆಲ್ಲ ಬೆರಳ ತುದಿಯಲ್ಲಿ. ಉಂಗುರದ ಬೆರಳು ಅಥವಾ ನಡುಬೆರಳಿನ ಪಕ್ಕಕ್ಕೆ ಚುಚ್ಚಬೇಕು. ಕೈ ತಣ್ಣಗಿದ್ದರೆ ಮೊದಲು ಉಜ್ಜಿ ಬೆಚ್ಚಗೆ ಮಾಡಿ. ಸ್ಪಿರಿಟ್ ಪೂರ್ತಿ ಒಣಗಲಿ, ಮೊದಲ ಒಂದೆರಡು ಹನಿ ಒರೆಸಿಬಿಡಿ. ರಕ್ತ ಬರಲಿಲ್ಲವೆಂದು ಬೆರಳು ಹಿಂಡಿದರೆ ಅಂಗಾಂಶದ ನೀರು ಬೆರೆತು ಹಿಮೋಗ್ಲೋಬಿನ್ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಇನ್ನೊಂದು ಬೆರಳು ಚುಚ್ಚುವುದೇ ವಾಸಿ. ಕ್ಯುವೆಟ್ (ರಕ್ತದ ಹನಿ ಹೀರಿಕೊಂಡು ಯಂತ್ರಕ್ಕೆ ಇಡುವ ಪುಟ್ಟ ಪ್ಲಾಸ್ಟಿಕ್ ಬಿಲ್ಲೆ) ಒಂದೇ ಸಲಕ್ಕೆ ತುಂಬಬೇಕು, ಗುಳ್ಳೆ ಕಂಡರೆ ಬಿಸಾಡಿ. ಅದರ ಡಬ್ಬಿ ತೆರೆದಿಟ್ಟರೆ ತೇವ ಹಿಡಿದು ಹಾಳಾಗುತ್ತದೆ. ಒಂದು ಡೆಸಿಲೀಟರ್ (100 ಮಿ.ಲೀ.) ರಕ್ತದಲ್ಲಿ ಹಿಮೋಗ್ಲೋಬಿನ್ ಗರ್ಭಿಣಿಗೆ 11 ಗ್ರಾಂ, ಗರ್ಭಿಣಿಯಲ್ಲದ ಹೆಂಗಸಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಗರ್ಭಿಣಿಗೆ 7ಕ್ಕಿಂತ ಕೆಳಗಿದ್ದರೆ ಅವತ್ತೇ ಆಸ್ಪತ್ರೆಗೆ ಕಳಿಸಬೇಕು. ಸಂಖ್ಯೆಯನ್ನು ಕೂಗಿ ಹೇಳಬೇಡಿ, ಚೀಟಿಯಲ್ಲಿ ಬರೆದು ಅವರ ಕೈಗೇ ಕೊಡಿ.

ಕಳಿಸುವ ಮುಂಚೆ ಪಿಎಚ್‌ಸಿಯಲ್ಲಿ ಕಬ್ಬಿಣಾಂಶದ ಮಾತ್ರೆ ದಾಸ್ತಾನಿದೆಯೇ ಎಂದು ಫಾರ್ಮಸಿಯವರನ್ನು ಕೇಳಿ. ಕೂಲಿ ಬಿಟ್ಟು ಹೋಗಿ ಬರಿಗೈಯಲ್ಲಿ ಬಂದವರು ಮತ್ತೆ ಹೋಗುವುದಿಲ್ಲ. ಮಲ ಕಪ್ಪಾಗುತ್ತದೆ, ಕಾಫಿ ಟೀ ಜೊತೆ ನುಂಗಬಾರದು ಎಂದು ಮೊದಲೇ ಹೇಳದಿದ್ದರೆ ಮಾತ್ರೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಆಶಾ ಅವರನ್ನು ದಿನವಿಡೀ ದಾರಿ ತೋರಿಸಲು ಸುಮ್ಮನೆ ಕರೆದೊಯ್ಯುವ ಚಾಳಿ ನನಗೆ ಹಿಡಿಸದು; ಅವರ ದಿನದ ಗೌರವಧನ ಯೋಜನೆಯ ಬಜೆಟ್ಟಿನಲ್ಲೇ ಇರಬೇಕು.

ಫಲಿತಾಂಶ ಒಪ್ಪಿಸುವಾಗ ಶೇಕಡಾ ಲೆಕ್ಕ ಬೇಡ. ಗೋಡೆಗೆ ಹಚ್ಚುವ ಹಾಳೆಯಲ್ಲಿ ಹತ್ತು ಹೆಂಗಸರ ಚಿತ್ರ ಬರೆದು, ರಕ್ತಹೀನತೆ ಇರುವಷ್ಟು ಜನಕ್ಕೆ ಬಣ್ಣ ತುಂಬಿದರೆ ಸಾಕು. ಹೆಸರು ಹಾಕಬಾರದು, ಬೀದಿವಾರು ಅಂಕಿಯನ್ನೂ ಬಹಿರಂಗ ಸಭೆಯಲ್ಲಿ ಹೇಳಬಾರದು. ಒಂದು ಕೇರಿಗೆ ಕಾಯಿಲೆಯ ಹೆಸರು ಅಂಟಿಕೊಂಡರೆ ಬಿಡಿಸುವುದು ಕಷ್ಟ. ಬೀದಿವಾರು ಪಟ್ಟಿ ಉಪಕೇಂದ್ರಕ್ಕೆ ಮಾತ್ರ, ಹೆಸರಿರುವ ಪಟ್ಟಿ ಒಪ್ಪಿಗೆ ಕೊಟ್ಟವರದ್ದಷ್ಟೇ ಪಿಎಚ್‌ಸಿ ಡಾಕ್ಟರಿಗೆ.