ಗರ್ಭಿಣಿಯರ ಥೈರಾಯ್ಡ್ ಗುಳಿಗೆ: ಹಾವೇರಿ ಕಡೆಯ ನನ್ನ ಅನುಭವ

ಹಾವೇರಿ ಜಿಲ್ಲೆಯ ಹಳ್ಳಿಗಳ ಗರ್ಭಿಣಿಯರಿಗೆ ಚಿಕಿತ್ಸೆ ನೀಡುತ್ತ ಬಂದಿರುವ ನಾನು, ಥೈರಾಯ್ಡ್ ಕೊರತೆ ಇರುವವರನ್ನು ಮೊದಲು ಕೇಳುವುದು ಗುಳಿಗೆಯನ್ನು ಯಾವ ಹೊತ್ತಿನಲ್ಲಿ, ಯಾವುದರ ಜೊತೆ ನುಂಗುತ್ತೀರಿ ಎಂಬುದನ್ನು. ಬ್ಯಾಡಗಿ ಕಡೆಯ ಒಬ್ಬರಿಗೆ ಪ್ರಮಾಣ ಹೆಚ್ಚಿಸಿದರೂ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ರಕ್ತದಲ್ಲಿ ಏರುವ ಅಂಶ) ಇಳಿಯುತ್ತಿರಲಿಲ್ಲ. ಕೈಚೀಲದಲ್ಲಿದ್ದ ಔಷಧಗಳನ್ನೆಲ್ಲ ಮೇಜಿನ ಮೇಲೆ ಇಡಿಸಿದೆ: ಥೈರಾಯ್ಡ್ ಗುಳಿಗೆಯ ಬಾಟಲಿ, ಸರ್ಕಾರಿ ಆಸ್ಪತ್ರೆಯ ಕೆಂಪು ಕಬ್ಬಿಣಾಂಶದ ಗುಳಿಗೆ, ಕ್ಯಾಲ್ಸಿಯಂ. "ಮರೀಬಾರದಂತ ನಾಷ್ಟಾ ಆದಮ್ಯಾಲೆ ಎಲ್ಲಾ ಕೂಡೇ ತಗೋತೇನ್ರೀ ಮೇಡಂ" ಎಂದರು.

ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಎರಡೂ ಕರುಳಿನಲ್ಲಿ ಥೈರಾಕ್ಸಿನ್‌ಗೆ, ಅಂದರೆ ಆ ಗುಳಿಗೆಯಲ್ಲಿರುವ ಹಾರ್ಮೋನಿಗೆ, ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಆದ್ದರಿಂದ ನಡುವೆ ಕನಿಷ್ಠ 4 ಗಂಟೆ ಅಂತರ ಬೇಕು. ನಸುಕಿನಲ್ಲಿ ಎದ್ದೊಡನೆ ಬರೀ ನೀರಿನ ಜೊತೆ ಥೈರಾಯ್ಡ್ ಗುಳಿಗೆ, ಚಹಾ ಅರ್ಧ ತಾಸಿನಿಂದ ಒಂದು ತಾಸು ತಡವಾಗಿ, ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಮತ್ತು ಸಂಜೆಗೆ, ಕಬ್ಬಿಣಾಂಶ ಮಲಗುವಾಗ ಎಂದು ಬರೆದುಕೊಟ್ಟೆ. ಪ್ರಮಾಣವನ್ನು ಮತ್ತೆ ಏರಿಸದೆಯೇ ಮುಂದಿನ ತಪಾಸಣೆಯಲ್ಲಿ ಟಿಎಸ್‌ಎಚ್ ಇಳಿದಿತ್ತು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ತಡವಾಗಿ ಬರುವವರ ಚಿಂತೆ. ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊರಗೆ ಹೇಳಬಾರದೆಂಬ ರೂಢಿ ನಮ್ಮಲ್ಲಿದೆ. ಆದರೆ ಶಿಶುವಿನ ಸ್ವಂತ ಥೈರಾಯ್ಡ್ ಸುಮಾರು 12ನೇ ವಾರದಿಂದ ಕೆಲಸ ಆರಂಭಿಸಿ, 18ರಿಂದ 20ನೇ ವಾರದ ಹೊತ್ತಿಗಷ್ಟೇ ಸಾಕಷ್ಟು ಹಾರ್ಮೋನು ತಯಾರಿಸುತ್ತದೆ. ಅಲ್ಲಿಯವರೆಗೆ ಮಿದುಳಿನ ಬೆಳವಣಿಗೆ ತಾಯಿಯ ಹಾರ್ಮೋನನ್ನೇ ನಂಬಿರುತ್ತದೆ. ತೀವ್ರ ಕೊರತೆಗೆ ಚಿಕಿತ್ಸೆ ಸಿಗದಿದ್ದರೆ ಗರ್ಭಪಾತ, ರಕ್ತದೊತ್ತಡ, ಅವಧಿಪೂರ್ವ ಹೆರಿಗೆಯ ಅಪಾಯ ಹೆಚ್ಚುತ್ತದೆ, ಮಗುವಿನ ಬುದ್ಧಿಬೆಳವಣಿಗೆಯೂ ಕುಂಠಿತವಾಗಬಹುದು. ಆದ್ದರಿಂದ ಈಗಾಗಲೇ ಈ ಗುಳಿಗೆ ಸೇವಿಸುವವರಿಗೆ ಬಸಿರಾಗುವ ಮೊದಲೇ ಹೇಳಿಡುತ್ತೇನೆ: ಊರಿಗೆ ಹೇಳಬೇಡಿ, ನನಗೆ ಹೇಳಿ, ಪರೀಕ್ಷೆಯಲ್ಲಿ ಬಸಿರು ಖಚಿತವಾದ ದಿನದಿಂದಲೇ ವಾರಕ್ಕೆ ಏಳರ ಬದಲು ಒಂಬತ್ತು ಗುಳಿಗೆ ತೆಗೆದುಕೊಂಡು ರಕ್ತತಪಾಸಣೆಗೆ ಬನ್ನಿ. ಅನಂತರ ಟಿಎಸ್‌ಎಚ್ 2.5ರೊಳಗೆ ಇರುವಂತೆ, ಬಸಿರಿನ ಅರ್ಧ ಅವಧಿಯವರೆಗೆ 4 ವಾರಕ್ಕೊಮ್ಮೆ ಮತ್ತು 30ನೇ ವಾರದ ಸುಮಾರಿಗೆ ಮತ್ತೊಮ್ಮೆ ನೋಡುತ್ತೇನೆ.

ಗುಳಿಗೆ ಉಷ್ಣವೆಂದು ಹೆದರುವ ಅತ್ತೆಯಂದಿರನ್ನೂ ಒಳಗೆ ಕರೆದು ಕೂರಿಸಿಕೊಳ್ಳುತ್ತೇನೆ. ದೇಹವೇ ತಯಾರಿಸಬೇಕಾದ ಹಾರ್ಮೋನನ್ನೇ ಹೊರಗಿನಿಂದ ಕೊಡುತ್ತಿದ್ದೇವೆ ಎಂದು ತಿಳಿಸಿದ ಮೇಲೆ, ಸೊಸೆಗೆ ನಸುಕಿನಲ್ಲಿ ನೆನಪಿಸುವವರು ಬಹುತೇಕ ಅವರೇ.

ಬಾಣಂತನಕ್ಕೆ ತವರಿಗೆ ಹೋಗುವವರ ಕೈಗೆ ಒಂದು ಚೀಟಿ ಕೊಡುತ್ತೇನೆ: ಹೆರಿಗೆಯಾದೊಡನೆ ಪ್ರಮಾಣ ಬಸಿರಿಗೆ ಮುಂಚಿನಷ್ಟಕ್ಕೆ ಇಳಿಯಬೇಕು, 6 ವಾರಕ್ಕೆ ತಾಯಿಯ ಟಿಎಸ್‌ಎಚ್ ನೋಡಬೇಕು, ಹಾಲೂಡಿಸಲು ಅಡ್ಡಿಯಿಲ್ಲ, ಮಗುವಿಗೂ ಥೈರಾಯ್ಡ್ ಕೊರತೆ ಇದೆಯೇ ಎಂದು ತಿಳಿಯಲು ಹಿಮ್ಮಡಿಯ ರಕ್ತವನ್ನು ಹುಟ್ಟಿ 48 ಗಂಟೆ ಕಳೆದ ಮೇಲೆ ಪರೀಕ್ಷಿಸಬೇಕು.