ಕಿಟಕಿ ಸೀಟು ಹಿಡಿದು ಕಣ್ಣಿನ ಓಟ ನೋಡಿದ್ದು

ಕನ್ನಡಿ ಮುಂದೆ ನಿಂತು ನಿಮ್ಮ ಎಡಗಣ್ಣನ್ನು ನೋಡಿ, ಆಮೇಲೆ ಬಲಗಣ್ಣನ್ನು. ಹೀಗೇ ಅತ್ತಿಂದಿತ್ತ ಮಾಡುತ್ತಿರಿ. ಕಣ್ಣು ಹೊರಳುವುದು ನಿಮಗೆ ಕಾಣುವುದೇ ಇಲ್ಲ. ಪಕ್ಕದಲ್ಲಿ ನಿಂತವರಿಗೆ ಚೆನ್ನಾಗಿ ಕಾಣುತ್ತದೆ. ಅದನ್ನೇ ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ಮಾಡಿದರೆ ನಿಮಗೂ ಕಾಣುತ್ತದೆ. ಪರದೆಯ ಮೇಲೆ ಚಿತ್ರ ಒಂಚೂರು ತಡವಾಗಿ ಬರುತ್ತದೆ, ಅಷ್ಟರಲ್ಲಿ ಕಣ್ಣು ಹೊಸ ಜಾಗ ಸೇರಿ ನಿಂತಿರುತ್ತದೆ.

ಹೈಸ್ಕೂಲು ಮಕ್ಕಳಿಗೆ ಕಣ್ಣಿನ ಪಾಠ ಶುರು ಮಾಡುವಾಗ ನಾನು ಮೊದಲು ಮಾಡಿಸುವುದು ಇದನ್ನೇ. ಮಸೂರ, ರೆಟಿನಾ (ಕಣ್ಣಿನ ಒಳಗೆ ಹಿಂದುಗಡೆ ಚಿತ್ರ ಮೂಡುವ ಪರದೆ), ತಲೆಕೆಳಗಾದ ಚಿತ್ರ, ಇವೆಲ್ಲ ಬೋರ್ಡಿನ ಮೇಲೆ ಬರೆಸಬಹುದು. ಆದರೆ ಸೆಕೆಂಡಿಗೆ ಸುಮಾರು ಮೂರು ಸಲ ನಮ್ಮ ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುತ್ತಿರುತ್ತದೆ. ಜಗತ್ತು ಮಾತ್ರ ಅಲುಗುವುದಿಲ್ಲ. ಇದು ಹೇಗೆ ಅಂತ ಕೇಳಿದರೆ ಕ್ಲಾಸು ಗಪ್‌ಚುಪ್.

ಎರಡನೆಯದು ಬೆರಳಿನ ಪ್ರಯೋಗ. ಒಂದು ಕಣ್ಣು ಮುಚ್ಚಿಕೊಂಡು, ತೆರೆದ ಕಣ್ಣಿನ ಹೊರಗಿನ ಮೂಲೆಯಲ್ಲಿ ರೆಪ್ಪೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಬೇಕು. ಇಡೀ ಕ್ಲಾಸ್‌ರೂಮು ಅಲುಗಾಡುತ್ತದೆ. (ಕಣ್ಣಿನ ಆಪರೇಷನ್ ಆದವರು, ಕಾಂಟ್ಯಾಕ್ಟ್ ಲೆನ್ಸ್ ಹಾಕಿದವರು ಇದನ್ನು ಮಾಡಲೇಬಾರದು.) ಕಣ್ಣನ್ನು ನಾವೇ ಹೊರಳಿಸಿದರೆ ಏನೂ ಅಲುಗುವುದಿಲ್ಲ, ಬೆರಳು ಹೊರಳಿಸಿದರೆ ಗೋಡೆಯೇ ಓಡುತ್ತದೆ. 19ನೇ ಶತಮಾನದಲ್ಲೇ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಇದಕ್ಕೆ ಕಾರಣ ಕೊಟ್ಟಿದ್ದರು. ಕಣ್ಣಿನ ಸ್ನಾಯುಗಳಿಗೆ 'ಹೊರಳು' ಅಂತ ಹೇಳಿದ್ದು ಮಿದುಳೇ, ಹಾಗಾಗಿ ಚಿತ್ರ ಎಷ್ಟು ಸರಿಯುತ್ತದೆ ಅಂತ ಅದಕ್ಕೆ ಮೊದಲೇ ಗೊತ್ತು. ಮೇಲಿನ ಕಚೇರಿಯಿಂದ ಆದೇಶ ಹೊರಡುವಾಗ ಕಡತಕ್ಕೂ ಒಂದು ಪ್ರತಿ ಸೇರಿಸುತ್ತಾರಲ್ಲ, ಹಾಗೆ. ಬೆರಳು ಒತ್ತಿದಾಗ ಆ ಪ್ರತಿ ಇರುವುದಿಲ್ಲ. 1950ರಲ್ಲಿ ಜರ್ಮನಿಯ ಫಾನ್ ಹೋಲ್ಸ್ಟ್ ಮತ್ತು ಮಿಟ್ಟೆಲ್‌ಷ್ಟೇಟ್ ಒಂದು ಕಡೆ, ಅಮೆರಿಕದ ರೋಜರ್ ಸ್ಪೆರಿ ಇನ್ನೊಂದು ಕಡೆ, ಬೇರೆ ಬೇರೆಯಾಗಿಯೇ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಇದೇ ಮಾತಿಗೆ ಬಂದರು.

ಇಷ್ಟು ನನಗೂ ಓದಿ ಗೊತ್ತಿತ್ತು. ದೂರ ಎಷ್ಟು, ಹತ್ತಿರ ಎಷ್ಟು ಅಂತ ತಿಳಿಯುವುದಕ್ಕೂ ಇದೇ ಪ್ರತಿ ಬೇಕಾಗುತ್ತದೆ ಅನ್ನುವುದು ಮನಸ್ಸಿಗೆ ಇಳಿದದ್ದು ರೈಲಿನಲ್ಲಿ.

ಕೆಂಗೇರಿಯಿಂದ ಚನ್ನಪಟ್ಟಣಕ್ಕೆ ದಿನಾ ರೈಲಿನಲ್ಲಿ ಓಡಾಡುತ್ತೇನೆ. ಕಿಟಕಿ ಸೀಟು ಸಿಕ್ಕಿದ ದಿನ ಮಾಡುವುದು ಇಷ್ಟೇ. ಹೊಲದ ಮಧ್ಯೆ ನಿಂತ ಒಂದು ತೆಂಗಿನಮರ ಆರಿಸಿಕೊಂಡು ಅದನ್ನೇ ದಿಟ್ಟಿಸುತ್ತೇನೆ. ಆಗ ಮರಕ್ಕಿಂತ ಈಚೆಗಿನ ಹಿಪ್ಪುನೇರಳೆ ಸಾಲು, ಬೇಲಿ ಎಲ್ಲ ಹಿಂದಕ್ಕೆ ಓಡುತ್ತವೆ. ಮರದ ಆಚೆಗಿನ ರಾಮನಗರದ ಬಂಡೆಬೆಟ್ಟ ನಮ್ಮ ಜೊತೆಗೇ ಮುಂದಕ್ಕೆ ಬರುತ್ತದೆ. ಜಗತ್ತು ಆ ಮರದ ಸುತ್ತ ತಿರುಗುತ್ತಿರುವಂತೆ ಕಾಣುತ್ತದೆ. ಈಗ ದೃಷ್ಟಿಯನ್ನು ಬೆಟ್ಟಕ್ಕೆ ಬದಲಾಯಿಸಿ. ತಕ್ಷಣ ತೆಂಗಿನಮರವೂ ಹಿಂದಕ್ಕೆ ಹೊರಟಿತು! ಬೇಲಿಗೂಟವೊಂದನ್ನು ಹಿಡಿದುಕೊಳ್ಳಿ, ಆಗ ಅದರಾಚೆಯದೆಲ್ಲ ಮುಂದಕ್ಕೆ. ರೈಲಿನ ವೇಗ ಅದೇ, ಹೊಲವೂ ಅದೇ. ಬದಲಾದದ್ದು ಕಣ್ಣು ಯಾವುದನ್ನು ಹಿಡಿದುಕೊಂಡಿದೆ ಅನ್ನುವುದೊಂದೇ.

ಮರವನ್ನು ಬಿಡದೆ ನೋಡಬೇಕಾದರೆ ಕಣ್ಣು ಮೆಲ್ಲಗೆ, ನಯವಾಗಿ ಹಿಂದಕ್ಕೆ ತಿರುಗುತ್ತಲೇ ಇರಬೇಕು. ಆಗ ರೆಟಿನಾದ ಮೇಲೆ ಈಚೆಯ ವಸ್ತು ಒಂದು ದಿಕ್ಕಿಗೆ, ಆಚೆಯದು ಎದುರು ದಿಕ್ಕಿಗೆ ಸರಿಯುತ್ತವೆ. ಆದರೆ ಬರೀ ಸರಿತ ನೋಡಿ ಯಾವುದು ಈಚೆ, ಯಾವುದು ಆಚೆ ಅಂತ ಹೇಳಲಾಗುವುದಿಲ್ಲ. ಕಣ್ಣು ಯಾವ ಕಡೆ ತಿರುಗುತ್ತಿದೆ ಅಂತ ಗೊತ್ತಾದರೆ ಮಾತ್ರ ಲೆಕ್ಕ ಸಿಗುತ್ತದೆ. ಅಮೆರಿಕದ ನಾರ್ತ್ ಡಕೋಟಾದಲ್ಲಿ ಸಂಶೋಧಕ ಮಾರ್ಕ್ ನಾವ್ರಾಟ್ ಇದನ್ನು ಪರದೆಯ ಮೇಲಿನ ಚುಕ್ಕಿಗಳಿಂದ ತೋರಿಸಿದ್ದಾರೆ. ಚುಕ್ಕಿಗಳ ಚಲನೆ ಒಂದೇ ಇದ್ದರೂ ಕಣ್ಣು ಹಿಂಬಾಲಿಸುವ ದಿಕ್ಕು ಬದಲಾದರೆ ಉಬ್ಬು ತಗ್ಗಾಗುತ್ತದೆ, ತಗ್ಗು ಉಬ್ಬಾಗುತ್ತದೆ. 2009ರಲ್ಲಿ ನಾಡ್ಲರ್, ಡಿಯಾಂಜೆಲಿಸ್ ಮೊದಲಾದವರ ಜೊತೆ ಸೇರಿ, ಕೋತಿಗಳ ಮಿದುಳಿನಲ್ಲಿ ಚಲನೆ ಗುರುತಿಸುವ ಎಂ.ಟಿ. ಅನ್ನುವ ಭಾಗದ ನರಕೋಶಗಳು ಕಣ್ಣು ತಿರುಗುವುದರ ಈ ಸಂಕೇತವನ್ನು ಬಳಸುವುದನ್ನೂ ತೋರಿಸಿದರು. ಇದಕ್ಕೆ ಎರಡು ಕಣ್ಣೂ ಬೇಕಿಲ್ಲ. ಒಂದು ಕಣ್ಣು ಮುಚ್ಚಿಕೊಂಡು ನೋಡಿದರೂ ಹೊಲದ ಆಳ ಹಾಗೇ ಇರುತ್ತದೆ. ಎರಡು ಕಣ್ಣಿದ್ದರೇ ಆಳ ಕಾಣುವುದು ಅಂತ ಮಕ್ಕಳಿಗೆ ಹೇಳಿಕೊಡುತ್ತಾರಲ್ಲ, ಅದು ಅರ್ಧ ಸತ್ಯ ಅಷ್ಟೇ.

ಸೀಟು ಸಿಗದೆ ನಿಂತ ದಿನವೂ ಕೆಲಸ ಇದೆ. ಕಿಟಕಿಯಾಚೆ ಸುಮ್ನೆ ನೋಡುತ್ತಾ ಕೂತವರ ಕಣ್ಣು ಗಮನಿಸಿ. ದಿಟ್ಟಿಸಿ ನೋಡಿದರೆ ಜಗಳವಾದೀತು, ಗೆಳೆಯರನ್ನೇ ಆರಿಸಿಕೊಳ್ಳಿ! ಕಪ್ಪುಗುಡ್ಡೆ ನಿಧಾನವಾಗಿ ಹಿಂದಕ್ಕೆ ಜಾರುತ್ತದೆ, ಟಕ್ಕನೆ ಮುಂದಕ್ಕೆ ಹಾರುತ್ತದೆ, ಮತ್ತೆ ಜಾರುತ್ತದೆ. ಅವರನ್ನು ಕೇಳಿದರೆ 'ನಾನು ಕಣ್ಣು ಅಲುಗಿಸಿಲ್ಲವಲ್ಲ' ಅನ್ನುತ್ತಾರೆ. ಕಣ್ಣಿನ ಡಾಕ್ಟರು ಇದಕ್ಕೆ ಆಪ್ಟೋಕೈನೆಟಿಕ್ ನಿಸ್ಟಾಗ್ಮಸ್ ಅನ್ನುತ್ತಾರೆ. ಹಿಂದೆ ರೈಲ್ವೆ ನಿಸ್ಟಾಗ್ಮಸ್ ಅಂತಲೂ ಕರೆಯುತ್ತಿದ್ದರು.

ನನಗೆ ಬಹಳ ಇಷ್ಟವಾದದ್ದು ಪಕ್ಕದ ಹಳಿ. ನಮ್ಮ ಮಾರ್ಗದಲ್ಲಿ ಎರಡು ಹಳಿ ಇವೆ. ಗಾಡಿ ವೇಗವಾಗಿ ಹೋಗುವಾಗ ಪಕ್ಕದ ಹಳಿಯ ಜಲ್ಲಿ, ಸ್ಲೀಪರು (ಹಳಿಯ ಕೆಳಗಿನ ಅಡ್ಡಪಟ್ಟಿ) ಎಲ್ಲ ಕಲಸಿ ಬೂದು ಪಟ್ಟಿಯಾಗಿ ಕಾಣುತ್ತವೆ. ಅಷ್ಟು ಹತ್ತಿರದ್ದನ್ನು ಕಣ್ಣು ನಯವಾಗಿ ಹಿಂಬಾಲಿಸಲಾರದು. ಆದರೆ ದೃಷ್ಟಿಯನ್ನು ಮುಂದಿನಿಂದ ಹಿಂದಕ್ಕೆ ಒಮ್ಮೆ ಚಕ್ಕನೆ ಹಾಯಿಸಿದರೆ, ಜಿಗಿತದ ವೇಗ ಹಳಿಯ ವೇಗಕ್ಕೆ ಸರಿಹೊಂದಿದ ಆ ಕ್ಷಣ ಒಂದು ಸ್ಲೀಪರು, ಅದಕ್ಕೆ ಹಾಕಿದ ಕ್ಲಿಪ್ಪು, ಪಕ್ಕದ ಜಲ್ಲಿಕಲ್ಲು ಫೋಟೋ ತೆಗೆದಷ್ಟು ಸ್ಪಷ್ಟವಾಗಿ ಕಾಣುತ್ತವೆ. ಅಂದರೆ ಕನ್ನಡಿಯಲ್ಲಿ ಹೊರಳುವುದು ಕಾಣದಿದ್ದರೂ, ಜಿಗಿಯುವಾಗ ಕಣ್ಣು ಪೂರ್ತಿ ಕುರುಡಲ್ಲ. ಚಿತ್ರ ರೆಟಿನಾದ ಮೇಲೆ ಒಂದು ಕ್ಷಣ ನಿಂತರೆ ಆಗಲೂ ಕಾಣುತ್ತದೆ.

ಮಕ್ಕಳನ್ನೆಲ್ಲ ರೈಲಿಗೆ ಹತ್ತಿಸಲಾಗುವುದಿಲ್ಲ, ಅದಕ್ಕೆ ಶಾಲೆಯ ಕಿಟಕಿ ಸಾಕು. ತೋಳು ಚಾಚಿ ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ, ಬೆರಳನ್ನೇ ನೋಡುತ್ತಾ ತಲೆಯನ್ನು ಮೆಲ್ಲಗೆ ಎಡಬಲಕ್ಕೆ ಓಲಾಡಿಸಿದರೆ ಆಚೆಯ ಮರ ತಲೆಯ ಜೊತೆಗೇ ಬರುತ್ತದೆ. ಮರವನ್ನು ನೋಡುತ್ತಾ ಓಲಾಡಿದರೆ ಬೆರಳು ಎದುರು ದಿಕ್ಕಿಗೆ ಹೋಗುತ್ತದೆ. ಬೆರಳು ಅಲುಗದಿರಲು ಮೊಣಕೈಯನ್ನು ಡೆಸ್ಕಿನ ಮೇಲೆ ಊರಿಸಿ. ಓಲಾಟ ಜೋರಾದರೆ ಹಿಂದಿನ ಬೆಂಚಿನವರು ಕುಣಿಯಲು ಶುರು ಮಾಡುತ್ತಾರೆ, ಅದೊಂದು ನೋಡಿಕೊಳ್ಳಿ.