ಹೆಸರಿಲ್ಲದ ಹಳೆಯ ಬೋರ್ಡ್ ಗೇಮ್: ಮನೆ ಎಣಿಸಿ, ವಿಳಾಸ ಓದಿ

ಹಳೆ ಸಾಮಾನಿನ ಅಂಗಡಿಯಲ್ಲಿ ಸಿಗುವ ಬೋರ್ಡ್ ಗೇಮ್‌ಗೆ ಎಷ್ಟೋ ಸಲ ಮುಚ್ಚಳ ಇರುವುದಿಲ್ಲ, ನಿಯಮದ ಹಾಳೆಯೂ ಕಳೆದಿರುತ್ತದೆ. ಆದರೂ ಅದು ಯಾವ ಆಟ, ಯಾವ ಕಾಲದ್ದು ಎಂದು ಪತ್ತೆ ಹಚ್ಚಲು ದಾರಿಗಳಿವೆ. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ, ಮೊಬೈಲ್ ಕ್ಯಾಮೆರಾ ಇದ್ದರೆ ಸಾಕು.

ಮೊದಲು ಎಲ್ಲವನ್ನೂ ಇದ್ದ ಹಾಗೆಯೇ ಫೋಟೊ ತೆಗೆಯಿರಿ. ಒರೆಸುವ, ಅಂಟಿಸುವ ಕೆಲಸ ಈಗ ಬೇಡ. ಹಳೆಯ ಬಣ್ಣ ಒದ್ದೆ ಬಟ್ಟೆಗೆ ಎದ್ದು ಬರಬಹುದು. ಟೇಪಿನ ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಬೂದು ಬಣ್ಣದ, ತೂಕದ ಲೋಹದ ಕಾಯಿಗಳಲ್ಲಿ ಸೀಸ ಇರಬಹುದು. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳಿಗೆ ಕೊಡಬೇಡಿ.

ಎರಡನೆಯದು, ಬೋರ್ಡಿನ ಮನೆಗಳನ್ನು ಎಣಿಸಿ. ಚಿತ್ರಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ, ಮನೆಗಳ ಸಂಖ್ಯೆ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಸುರುಳಿಯಾಗಿ 63 ಮನೆ, 6ರಲ್ಲಿ ಸೇತುವೆ, 31ರಲ್ಲಿ ಬಾವಿ, 58ರಲ್ಲಿ ತಲೆಬುರುಡೆ ಇದ್ದರೆ ಅದು ಯುರೋಪಿನ ಹಳೆಯ ಹೆಬ್ಬಾತಿನ ಆಟ, ಬೇರೆ ಮಾತೇ ಇಲ್ಲ. 16×16 ಚೌಕ ಇದ್ದರೆ ಹಾಲ್ಮಾ. ನಕ್ಷತ್ರದಾಕಾರದಲ್ಲಿ 121 ಗುಳಿ ಇದ್ದರೆ ಚೈನೀಸ್ ಚೆಕರ್ಸ್. 15×15 ಮನೆ, ನಡುನಡುವೆ ಬಣ್ಣದ ಚೌಕಗಳಿದ್ದರೆ ಸ್ಕ್ರ್ಯಾಬಲ್ ಅಥವಾ ಅದರ ನಕಲು. ಅಂಚಿನ ಸುತ್ತ 40 ಮನೆ ಇದ್ದರೆ ಮೊನಾಪಲಿಯ ಬಳಗದ್ದು. ಶಿಲುಬೆಯಾಕಾರದ 33 ಗುಳಿಗಳಲ್ಲಿ ಮಾತ್ರ ಎಡವುವವರು ಹೆಚ್ಚು: ಒಬ್ಬರೇ ಆಡುವ ಸಾಲಿಟೇರ್‌ಗೂ ಇಬ್ಬರು ಆಡುವ ನರಿ-ಬಾತಿನ ಆಟಕ್ಕೂ ಅದೇ ವಿನ್ಯಾಸ. ಒಂದು ಕಾಯಿ ಮಾತ್ರ ಬೇರೆ ಬಣ್ಣದ್ದಾಗಿದ್ದರೆ ಅದು ನರಿ.

ನಂತರ ಕಾಯಿಗಳನ್ನು ಬಣ್ಣವಾರು ಗುಂಪು ಮಾಡಿ. ನಾಲ್ಕು ಬಣ್ಣಗಳಲ್ಲಿ 19, 19, 13, 12 ಇದ್ದರೆ ಹಾಲ್ಮಾದ ಒಂದು ಕಾಯಿ ಕಳೆದಿದೆ ಎಂದರ್ಥ. ಪೂರ್ತಿ ಸೆಟ್ಟಿನಲ್ಲಿ ಕೊನೆಯ ಎರಡೂ 13. ಮರದ ಕಾಯಿಗಳ ನಡುವೆ ಪ್ಲಾಸ್ಟಿಕ್‌ನದು ಕಂಡರೆ ಅದು ಬೇರೆ ಪೆಟ್ಟಿಗೆಯಿಂದ ಬಂದಿರುವ ಸಾಧ್ಯತೆ ಹೆಚ್ಚು. ಪೆಟ್ಟಿಗೆಯೊಳಗಿನ ಖಾನೆಗಳ ಆಕಾರ ನೋಡಿ. ಉದ್ದನೆಯ ಖಾನೆ ಖಾಲಿ ಇದ್ದರೆ ಇಸ್ಪೀಟಿನಂಥ ಕಾರ್ಡುಗಳ ಕಟ್ಟು ಕಳೆದಿರಬಹುದು.

ಇನ್ನು ಕಾಲ. ಎಲ್ಲರೂ ಮೋಸ ಹೋಗುವುದು ಕಾಪಿರೈಟ್ ಇಸವಿಯಲ್ಲಿ. ಅದು ಹಕ್ಕಿನ ಇಸವಿ, ಅಚ್ಚಾದ ಇಸವಿಯಲ್ಲ. 1935 ಎಂದು ಬರೆದ ಮೊನಾಪಲಿ ಪೆಟ್ಟಿಗೆಗಳು ದಶಕಗಳ ಕಾಲ ಅಚ್ಚಾಗಿವೆ. ಪೆಟ್ಟಿಗೆಯ ಮೇಲಿನ ಕಂಪನಿಯ ವಿಳಾಸ ಹೆಚ್ಚು ನಂಬಿಕಸ್ಥ ಸಾಕ್ಷಿ. ‘ನ್ಯೂಯಾರ್ಕ್ 16, ಎನ್.ವೈ.’ ಎಂದು ಊರಿನ ಹೆಸರಿನ ಪಕ್ಕ ಒಂದೆರಡು ಅಂಕಿ ಇದ್ದರೆ ಸಾಮಾನ್ಯವಾಗಿ 1943ರಿಂದ 1963ರ ನಡುವಿನದು. ನಮ್ಮ ಪಿನ್‌ಕೋಡಿನಂಥ ಅಮೆರಿಕದ ಐದಂಕಿಯ ಜಿಪ್ ಕೋಡ್ ಬಂದದ್ದೇ 1963ರಲ್ಲಿ. ‘ಪಶ್ಚಿಮ ಜರ್ಮನಿ’ ಎಂದಿದ್ದರೆ 1949ರಿಂದ 1990ರೊಳಗಿನದು. ಬಾರ್‌ಕೋಡ್ ಇದ್ದರೆ 1970ರ ದಶಕಕ್ಕಿಂತ ಹಳೆಯದಲ್ಲ. ಹಲವು ಗುರುತುಗಳು ಒಂದಕ್ಕೊಂದು ಹೊಂದದಿದ್ದರೆ ಎಲ್ಲಕ್ಕಿಂತ ಹೊಸದನ್ನೇ ನಂಬಿ: ಅದಕ್ಕೂ ಮೊದಲು ಆ ಪೆಟ್ಟಿಗೆ ಅಚ್ಚಾಗಿರಲು ಸಾಧ್ಯವಿಲ್ಲ. ಬೋರ್ಡೂ ಪೆಟ್ಟಿಗೆಯೂ ಬೇರೆ ಬೇರೆ ಮುದ್ರಣದವಾಗಿರಬಹುದು, ಎರಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ.

ಭೂತಗನ್ನಡಿ ಬೇಕಾಗುವುದು ಇಲ್ಲಿ. ಬಣ್ಣವೆಲ್ಲ ಸಾಲುಸಾಲು ಚುಕ್ಕಿಗಳಾಗಿ ಕಂಡರೆ ಯಂತ್ರದ ಹಾಫ್‌ಟೋನ್ ಮುದ್ರಣ. ಅಡ್ಡಾದಿಡ್ಡಿ ಚುಕ್ಕಿಗಳು, ಒರಟು ಕಾಳಿನಂಥ ಗುರುತುಗಳು ಕಂಡರೆ ಕಲ್ಲಚ್ಚು. ಹತ್ತೊಂಬತ್ತನೆಯ ಶತಮಾನದ ಚಿತ್ರವಿದ್ದು, ಬಣ್ಣಗಳು ಸಾಲುಚುಕ್ಕಿಯಲ್ಲಿದ್ದರೆ ಅದು ಬಹುಮಟ್ಟಿಗೆ ಆಮೇಲೆ ಮಾಡಿದ ಪ್ರತಿ.

ಕೊನೆಗೆ ಹುಡುಕಾಟ. ‘ಹಳೆಯ ಆಟ’ ಎಂದು ಹುಡುಕಿದರೆ ಏನೂ ಸಿಗದು. ಬೋರ್ಡಿನ ಮನೆಯೊಂದರಲ್ಲಿ ಅಚ್ಚಾದ ವಾಕ್ಯವನ್ನು ಅಕ್ಷರವೂ ಬದಲಿಸದೆ ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ. ಬೋರ್ಡ್‌ಗೇಮ್‌ಗೀಕ್ ಜಾಲತಾಣದಲ್ಲಿ ಇಸವಿ, ಆಟಗಾರರ ಸಂಖ್ಯೆ ಕೊಟ್ಟು ಸೋಸಬಹುದು. ಪೇಟೆಂಟ್ ಸಂಖ್ಯೆ ಸಿಕ್ಕರಂತೂ ಅದೃಷ್ಟ. ಅಮೆರಿಕದ ಸಂಖ್ಯೆ 20 ಲಕ್ಷ ದಾಟಿದ್ದು 1935ರಲ್ಲಿ, 30 ಲಕ್ಷ ದಾಟಿದ್ದು 1961ರಲ್ಲಿ. ನೋಡಿದ ಕೂಡಲೇ ಕಾಲದ ಅಂದಾಜು ಸಿಗುತ್ತದೆ. ಅದೇ ಸಂಖ್ಯೆಯನ್ನು ಗೂಗಲ್ ಪೇಟೆಂಟ್ಸ್‌ನಲ್ಲಿ ಹಾಕಿದರೆ ಬೋರ್ಡಿನ ರೇಖಾಚಿತ್ರ ತೆರೆದುಕೊಳ್ಳುತ್ತದೆ. ಅದರ ಕೆಳಗಿನ ವಿವರಣೆಯಲ್ಲಿ ಆಡುವ ಕ್ರಮವೂ ಇರುವುದುಂಟು.